ಹೊರೆ ಇಳಿಸಿದ ಶರಣ ಮೇದಾರ ಕೇತಯ್ಯನವರು

ಕೋಲಾರ ಸೀಮೆಯ ಭಕ್ತಾದಿಗಳಿಗೆ ಹೊನ್ನಿನ ಮಾತು ಹೊಸದಲ್ಲ. ಬೆಂಗಳೂರಿನಿಂದ ಮೂಡಣ ದಿಕ್ಕಿಗೆ ಹೊರಟ ರೈಲುಮಾರ್ಗದಲ್ಲಿ ಬಂಗಾರಪೇಟೆ ಎಂಬ ಜಂಕ್ಷನ್ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸೀಮೆಯ ಕಮಿಷನರಾಗಿದ್ದ ಬೌರಿಂಗ್ ಎಂಬವನ ಹೆಸರಿನಿಂದ ಅದು ಮೊದಲು ಬೌರಿಂಗ್‌ಪೇಟೆ ಎನಿಸಿಕೊಂಡಿತ್ತು. ನೆರೆಯ ಚಿನ್ನದ ಗಣಿಗಳಿಗೆ ತಕ್ಕುದಾಗಿ ಕಾಲಾಂತರದಲ್ಲಿ ಅದು ಬಂಗಾರಪೇಟೆಯೇ ಆಯಿತು. ೧೮೯೪ರಲ್ಲಿ ಅಲ್ಲಿಂದ ಗಣಿಗಳಿಗೆ ಕವಲು ಮಾರ್ಗ ಹಾಕಲ್ಪಟ್ಟಿತು. ಅದು ಮಾರಿಕುಪ್ಪದಲ್ಲಿ ಕೊನೆಗೊಳ್ಳುತ್ತದೆ. ೧೮೮೦ರ ದಶಕದಿಂದ ಮೊದಲ್ಗೊಂಡು ೨೦೦೧ನೆಯ ಇಸವಿ ಫೆಬ್ರವರಿ ೨೮ರಂದು ಗಣಿಗಳು ಮುಚ್ಚುವವರೆಗೆ ಆ ನೆಲದಿಂದ ಸುಮಾರು ೮೦೦ ಟನ್ ಚಿನ್ನ ಹೊರಬಂದಿತು. ಅದನ್ನು ತೆಗೆದವರ ಕೈಯಲ್ಲಿ ಅದು ನಿಲ್ಲಲಿಲ್ಲ. ತೆಗೆದ ಗಣಿಯೂ ನಿಲ್ಲಲಿಲ್ಲ. ಉಳಿದಿರುವುದು ಸಯನೈಡ್ ಮಣ್ಣಿನ ಬೂದುಬಣ್ಣದ ದಿಬ್ಬಗಳು ಮತ್ತು ಜೀವನವನ್ನು ಹೊಸದಾಗಿ ಹೂಡಬೇಕಾದ ಮನೆಗಳು.

ಇಂಥ ಸೀಮೆಯಲ್ಲಿ ವಾಸಿಸುವ ಭಕ್ತರು ನಿತ್ಯವೂ ನೆನೆಯಬೇಕಾದ ಶರಣರೊಬ್ಬರುಂಟು. ಅವರು ಹೊನ್ನನ್ನು ಅಗೆಯಲಿಲ್ಲ, ಅರಸಲಿಲ್ಲ, ಬಯಸಲೂ ಇಲ್ಲ. ಆದರೂ ಹೊನ್ನು ತಾನಾಗಿ ಅವರ ಕತ್ತಿಯ ಬಾಯಿಗೆ ಬಂದು ಬಿದ್ದಿತೆಂದು ಹಿಂದಿನವರು ಹೇಳಿಕೊಂಡು ಬಂದಿದ್ದಾರೆ. ಅದನ್ನು ಅವರು ಹುಳುವೆಂದು ತಿಳಿದು ಬಿಟ್ಟು ನಡೆದರು. ಅವರೇ ಬಿದಿರು ಸೀಳಿ ಬುಟ್ಟಿ ಹೆಣೆದು ಜಂಗಮ ದಾಸೋಹ ನಡೆಸಿದ ಮೇದಾರ ಕೇತಯ್ಯನವರು.

ಜನನ ಮತ್ತು ಕಾಯಕ

ಕೇತಯ್ಯನವರು ಹನ್ನೆರಡನೆಯ ಶತಮಾನದವರು, ಬಸವಣ್ಣನವರ ಸಮಕಾಲೀನರು. ಮಲೆನಾಡಿನ ಬೇಲೂರು ಅವರ ಸ್ಥಳವೆಂದು ಸಂಪ್ರದಾಯ ಹೇಳುತ್ತದೆ. ಅವರ ಧರ್ಮಪತ್ನಿ ಸಾತವ್ವೆಯವರು. ಮಲೆನಾಡಿನಲ್ಲಿ ಮಳೆಯಂತೆಯೇ ಬಿದಿರೂ ಧಾರಾಳ. ಬೆಟ್ಟದ ಇಳುಕಲಿನಲ್ಲಿ, ಹಳ್ಳದ ದಡದಲ್ಲಿ ಮೆಳೆಮೆಳೆಯಾಗಿ ಬೆಳೆದ ಬಿದಿರನ್ನು ಆಯ್ದು ಕಡಿದು, ಹೊತ್ತು ತಂದು, ಸೀಳಿ, ಹೆರೆದು, ಬುಟ್ಟಿ ಮೊರ ತಟ್ಟಿಗಳನ್ನು ಹೆಣೆದು ಮಾರುವುದು ಅವರ ಕುಲದ ವೃತ್ತಿ. ಬುಟ್ಟಿ ಹೆಣೆಯುವವರಿಗೆ ಗವರಿಗರೆಂಬ ಹಳೆಯ ಹೆಸರೂ ಇದೆ. ಕೇತಯ್ಯನವರ ವಚನಗಳ ಅಂಕಿತ ಗವರೇಶ್ವರ ಎಂಬುದು. ತಮ್ಮ ಕಾಯಕದ ಹೆಸರನ್ನು ನೆನಪಿಗೆ ತರುವ ನುಡಿಯಿಂದಲೇ ಅವರು ತಮ್ಮ ದೈವವನ್ನು ಕರೆದರು. ಬಡವೃತ್ತಿಯೆಂದು ಲೋಕ ಕಡೆಗಣಿಸಿದ ಕೆಲಸವನ್ನು ಅವರು ದೇವರ ಎದುರಿನಲ್ಲಿ ಮರೆಮಾಚಲಿಲ್ಲ.

ಕಲ್ಯಾಣದಲ್ಲಿ ಬಸವಣ್ಣನವರು ಶರಣರನ್ನು ಕೂಡಿಸಿದ ಸುದ್ದಿ ದಿಕ್ಕುದಿಕ್ಕಿಗೂ ಹರಡಿದಾಗ ನೇಯುವವರು, ಮಡಿ ಮಾಡುವವರು, ಹಗ್ಗ ಹೊಸೆಯುವವರು, ದೋಣಿ ನಡೆಸುವವರು, ದನ ಕಾಯುವವರು ಅತ್ತ ನಡೆದರು. ಕೇತಯ್ಯನವರೂ ಸಾತವ್ವೆಯವರೂ ಮಲೆನಾಡಿನ ತಂಪನ್ನು ಬಿಟ್ಟು ಬಯಲುಸೀಮೆಯ ಕಲ್ಯಾಣಕ್ಕೆ ಬಂದು ಸೇರಿದರು. ಊರು ಬದಲಾಯಿತು, ಕಾಯಕ ಬದಲಾಗಲಿಲ್ಲ. ಶರಣರ ಸಂಗ ದೊರೆತ ಮೇಲೆ ಕೈಕೆಲಸವನ್ನು ಬಿಡಬಹುದೆಂಬ ಭಾವನೆ ಅವರಿಗೆ ಬರಲಿಲ್ಲ. ಬೆಳಗಾದರೆ ಲಿಂಗಪೂಜೆ, ಅನಂತರ ಬಿದಿರ ಮೆಳೆ, ಮಧ್ಯಾಹ್ನಕ್ಕೆ ಹೆಣಿಗೆ, ಸಂಜೆಗೆ ಮಾರಾಟ, ಬಂದ ಹಣದಿಂದ ಜಂಗಮ ದಾಸೋಹ. ಅಂದಿನ ಗಳಿಕೆ ಅಂದಿಗೇ ಸಲ್ಲುತ್ತಿತ್ತು. ನಾಳೆಗೆಂದು ಕೂಡಿಡುವ ಗಡಿಗೆ ಆ ಮನೆಯಲ್ಲಿ ಇರಲಿಲ್ಲ.

ಈ ದಿನಚರಿಯನ್ನು ಚೆನ್ನಾಗಿ ಗಮನಿಸಬೇಕು. ಕೇತಯ್ಯನವರ ಚರಿತ್ರೆಯ ಗುಟ್ಟೆಲ್ಲ ಇದರಲ್ಲಿಯೇ ಇದೆ. ಅದನ್ನು ಅರಿಯಬೇಕಾದರೆ ಅವರ ಕೈಯಲ್ಲಿದ್ದ ಬಿದಿರಿನ ಸ್ವಭಾವವನ್ನು ಮೊದಲು ಅರಿಯಬೇಕು.

ಬಿದಿರಿನ ಧರ್ಮ

ಬಿದಿರು ಹುಲ್ಲಿನ ಜಾತಿಗೆ ಸೇರಿದ್ದು. ಕಳಲೆಯಾಗಿ ನೆಲದಿಂದ ಮೇಲೆದ್ದಾಗಲೇ ಅದರ ದಪ್ಪ ನಿಶ್ಚಯವಾಗಿರುತ್ತದೆ. ಕೆಲವು ತಿಂಗಳಲ್ಲಿಯೇ ಪೂರ್ಣ ಎತ್ತರವನ್ನು ಮುಟ್ಟುತ್ತದೆ. ಆದರೆ ಎತ್ತರವಾದ ಮಾತ್ರಕ್ಕೆ ಬಲಿತಿತೆಂದಲ್ಲ. ಮೂರು ವರ್ಷಗಳ ಕಾಲ ಅದರ ಒಳಗೋಡೆ ನಿಧಾನವಾಗಿ ಗಟ್ಟಿಯಾಗುತ್ತದೆ. ಆದುದರಿಂದಲೇ ಅನುಭವಿಯಾದ ಮೇದಾರನು ಮೆಳೆಯ ಹೊರಗಿನ ಎಳೆಯ ಗಳವನ್ನು ಮುಟ್ಟದೆ ಒಳಗಿನ ಬಲಿತ ಗಳವನ್ನು ಹುಡುಕುತ್ತಾನೆ.

ಗಳವನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಹೊರಸಿಪ್ಪೆಯ ಬಳಿ ನಾರುಗಳು ಒತ್ತೊತ್ತಾಗಿಯೂ ಒಳಮೈಯಲ್ಲಿ ವಿರಳವಾಗಿಯೂ ಇರುತ್ತವೆ. ಸರಾಸರಿ ಲೆಕ್ಕದಲ್ಲಿ ನೂರರಲ್ಲಿ ೪೦ ಪಾಲು ನಾರು, ೫೦ ಪಾಲು ಮೆತ್ತನೆಯ ಕೋಶಗಳು, ೧೦ ಪಾಲು ನೀರನ್ನೂ ಆಹಾರವನ್ನೂ ಒಯ್ಯುವ ನಾಳಗಳು. ಬಿದಿರ ಸೀಳನ್ನು ಸಿಪ್ಪೆ ಹೊರಗಿರುವಂತೆ ಬಾಗಿಸಿದಾಗ ಹೊರಗಿನ ನಾರುಗಳು ಎಳೆತವನ್ನು ತಡೆಯುತ್ತವೆ. ಒಳಗಿನ ಮೆತ್ತನೆಯ ಕೋಶಗಳು ಒತ್ತಡಕ್ಕೆ ಕುಗ್ಗಿಕೊಡುತ್ತವೆ. ಗಟ್ಟಿಯಾದುದು ಹಿಡಿದು ನಿಲ್ಲುತ್ತದೆ, ಮೆದುವಾದುದು ತಗ್ಗಿ ನಡೆಯುತ್ತದೆ. ಈ ಎರಡರ ಕೂಟದಿಂದಲೇ ಬಿದಿರು ಮುರಿಯದೆ ಬಾಗುತ್ತದೆ. ಬರಿಯ ಗಟ್ಟಿತನವಿದ್ದರೆ ಅದು ಸಿಡಿಯುತ್ತಿತ್ತು. ಬರಿಯ ಮೆದುತನವಿದ್ದರೆ ಹೊರೆಯನ್ನೇ ಹೊರುತ್ತಿರಲಿಲ್ಲ.

ಬಾಗಿದ ಬಿದಿರು ಮತ್ತೆ ನೆಟ್ಟಗಾಗುವ ಬಗೆಯೂ ವಿಚಾರಯೋಗ್ಯವಾದುದು. ಬಿದಿರಿನ ಅಡ್ಡೆಯನ್ನು ಹೆಗಲ ಮೇಲಿಟ್ಟು ಎರಡು ತುದಿಗಳಿಗೂ ಭಾರವನ್ನು ತೂಗಹಾಕಿದರೆ ಅದು ಆ ಕ್ಷಣದಲ್ಲಿಯೇ ಇಷ್ಟು ಬಾಗುತ್ತದೆ. ಭಾರ ಹಾಗೆಯೇ ಇದ್ದರೆ ಹೊತ್ತು ಕಳೆದಂತೆ, ಭಾರ ಹೆಚ್ಚದಿದ್ದರೂ, ಇನ್ನೂ ಸ್ವಲ್ಪ ಬಾಗುತ್ತಾ ಹೋಗುತ್ತದೆ. ಕಣ್ಣಿಗೆ ಕಾಣದಷ್ಟು ಮೆಲ್ಲನೆ ಒಳಗಿನ ಅಂಟುಪದಾರ್ಥ ಜಾರುತ್ತದೆ. ಭಾರವನ್ನು ಇಳಿಸಿದೊಡನೆ ಬಾಗಿನ ಬಹುಭಾಗ ತಟ್ಟನೆ ಹೋಗುತ್ತದೆ. ಇನ್ನಷ್ಟು ಭಾಗ ರಾತ್ರಿಯೆಲ್ಲ ವಿಶ್ರಾಂತಿಯಲ್ಲಿ ನಿಧಾನವಾಗಿ ಹೋಗುತ್ತದೆ. ಭಾರ ಮಿತವಾಗಿಯೂ ಕಾಲ ಮಿತವಾಗಿಯೂ ಇದ್ದರೆ ಬೆಳಗಿನ ಹೊತ್ತಿಗೆ ಅಡ್ಡೆ ಮೊದಲಿನಂತೆಯೇ ಇರುತ್ತದೆ. ಆದರೆ ಇಳಿಸದ ಭಾರದ ಕತೆ ಬೇರೆ. ತಿಂಗಳುಗಟ್ಟಲೆ ಹೊರೆ ಹೊತ್ತು ನಿಂತ ಗಳದಲ್ಲಿ, ಹೊರೆ ತೆಗೆದ ಮೇಲೂ ಸ್ವಲ್ಪ ಬಾಗು ಉಳಿದೇ ಬಿಡುತ್ತದೆ. ಇನ್ನೂ ಹೆಚ್ಚು ಭಾರವಾದರೆ, ಒಂದು ದಿನ ಹೊತ್ತ ಹೊರೆಯನ್ನೇ ಹತ್ತು ವರ್ಷ ಹೊರಲಾರದೆ ಮುರಿಯುತ್ತದೆ. ಮರದ ತೊಲೆಗಳ ವಿಷಯದಲ್ಲಿ ವಿಜ್ಞಾನಿಗಳು ೧೯೫೦ರ ಸುಮಾರಿನಲ್ಲಿ ಇದನ್ನು ಅಳೆದು ನೋಡಿದರು. ಕೆಲವು ನಿಮಿಷ ತಡೆಯಬಲ್ಲ ಭಾರದಲ್ಲಿ ಸುಮಾರು ಐದರಲ್ಲಿ ಮೂರು ಪಾಲನ್ನು ಮಾತ್ರ ತೊಲೆಯು ಹತ್ತು ವರ್ಷಗಳ ಕಾಲ ತಡೆಯಬಲ್ಲುದೆಂದು ಕಂಡುಬಂದಿತು. ಬಿದಿರೂ ಇದೇ ಧರ್ಮಕ್ಕೆ ಒಳಪಟ್ಟುದು. ಹೊರೆಯನ್ನು ಅಳೆಯುವಾಗ ತೂಕವೊಂದನ್ನೇ ನೋಡಿದರೆ ಸಾಲದು, ಹೊತ್ತಿರುವ ಕಾಲವನ್ನೂ ನೋಡಬೇಕೆಂಬುದು ಇದರ ತಾತ್ಪರ್ಯ.

ಇನ್ನು ಶಾಖದ ಮಾತು. ಬಿದಿರಿನ ನಾರುಗಳನ್ನು ಒಂದಕ್ಕೊಂದು ಬೆಸೆದಿರುವ ಅಂಟುಪದಾರ್ಥಕ್ಕೆ ಲಿಗ್ನಿನ್ ಎಂದು ಹೆಸರು. ತಣ್ಣಗಿರುವಾಗ ಅದು ಗಟ್ಟಿ, ಕಾದಾಗ ಮೆದು. ನೀರುಂಡ ಹಸಿ ಬಿದಿರಿನಲ್ಲಿ ಅದು ಕುದಿಯುವ ನೀರಿನ ಶಾಖಕ್ಕೆ ಮುಂಚೆಯೇ ಮೆದುವಾಗತೊಡಗುತ್ತದೆ. ಒಣಗಿದ ಬಿದಿರಿಗೆ ಹೆಚ್ಚು ಶಾಖ ಬೇಕು. ಕೆಲಸಗಾರರು ಗಳವನ್ನು ಕೆಂಡದ ಮೇಲೆ ತಿರುಗಿಸುತ್ತಾ ಸುಮಾರು ೧೫೦ ಡಿಗ್ರಿ ಸೆಂಟಿಗ್ರೇಡ್‌ವರೆಗೆ ಕಾಯಿಸಿ, ಬೇಕಾದಂತೆ ಬಾಗಿಸಿ, ಆರುವವರೆಗೆ ಬಿಗಿಯಾಗಿ ಹಿಡಿಯುತ್ತಾರೆ. ಆರಿದ ಮೇಲೆ ಕೈಬಿಟ್ಟರೂ ಬಾಗು ನಿಲ್ಲುತ್ತದೆ. ಸೊಟ್ಟ ಗಳವನ್ನು ನೆಟ್ಟಗೆ ಮಾಡುವುದೂ ಇದೇ ಉಪಾಯದಿಂದ. ಶಾಖ ಅತಿಯಾದರೆ ಗಳ ಕಂದುಗಟ್ಟಿ ಪೆಡಸಾಗಿ ಸತ್ವಗೆಡುತ್ತದೆ. ಕಾಯಿಸುವುದಕ್ಕೂ ಸುಡುವುದಕ್ಕೂ ನಡುವೆ ಇರುವ ಗೆರೆ ಬಹು ತೆಳುವಾದುದು.

ಇದರಲ್ಲಿ ಮತ್ತೊಂದು ಸೋಜಿಗವುಂಟು. ಹಾಗೆ ನಿಂತ ಬಾಗನ್ನು ಮತ್ತೆ ಬಿಸಿನೀರಿನಲ್ಲಿ ನೆನೆಸಿ ಬಿಟ್ಟರೆ ಬಿದಿರು ತನ್ನ ಮೊದಲಿನ ರೂಪದ ಕಡೆಗೆ ತಾನಾಗಿಯೇ ಹಿಂದಿರುಗಲು ಯತ್ನಿಸುತ್ತದೆ. ಎಷ್ಟೋ ಬಾಗು ಬಿಡುತ್ತದೆ, ಎಲ್ಲವೂ ಬಿಡುವುದಿಲ್ಲ. ಹಳೆಯ ಬುಟ್ಟಿಯನ್ನು ಬಿಚ್ಚಿದರೆ ಪ್ರತಿಯೊಂದು ಸಲಾಕೆಯಲ್ಲಿಯೂ ಹೆಣಿಗೆಯ ಅಲೆ ಉಳಿದಿರುವುದನ್ನು ಮನೆಯ ಹೆಂಗಸರು ಕಂಡಿರುತ್ತಾರೆ. ಅದನ್ನು ನೆನೆಸಿದರೆ ಅಲೆ ಅರೆಪಾಲು ಸಡಿಲುತ್ತದೆ. ಯಾವ ಕಾವಿನಲ್ಲಿ ರೂಪ ಕೆಟ್ಟಿತೋ ಅಂಥದೇ ಕಾವಿನಲ್ಲಿ ಅದು ತಿದ್ದಿಕೊಳ್ಳಲೂ ಆಗುತ್ತದೆ.

ಕೇತಯ್ಯನವರು ಈ ಮಾತುಗಳನ್ನು ಯಾವ ಗ್ರಂಥದಿಂದಲೂ ಕಲಿಯಬೇಕಾಗಿರಲಿಲ್ಲ. ನಿತ್ಯ ಕಾಯಕ ಮಾಡುವವರ ಬೆರಳು ಇವನ್ನು ಬಲ್ಲುದು. ಕೋಲಾರ ಸೀಮೆಯಲ್ಲಿ ರೇಷ್ಮೆ ಸಾಕುವ ಒಕ್ಕಲುಗಳಿಗೂ ಈ ಕೈಚಳಕದ ಬೆಲೆ ಗೊತ್ತು. ಹಣ್ಣಾದ ಹುಳು ಗೂಡು ಕಟ್ಟಲು ಆಶ್ರಯವಾಗುವ ಚಂದ್ರಿಕೆಯನ್ನು ಮೇದಾರರು ಬಿದಿರಿನಿಂದಲೇ ಹೆಣೆಯುತ್ತ ಬಂದವರು. ಚಾಪೆಯಂತಹ ತಟ್ಟಿಯ ಮೇಲೆ ತೆಳುವಾದ ಬಿದಿರ ಪಟ್ಟಿಯನ್ನು ಸುರುಳಿಸುರುಳಿಯಾಗಿ ನಿಲ್ಲಿಸಬೇಕು. ಪಟ್ಟಿ ಬಾಗಬೇಕು, ಬಾಗಿದ್ದು ನಿಲ್ಲಬೇಕು, ಹುಳುವಿನ ಮೈಗೆ ಎಲ್ಲಿಯೂ ಚುಚ್ಚಬಾರದು. ಪ್ಲಾಸ್ಟಿಕ್ಕಿನ ಚಂದ್ರಿಕೆಗಳು ಬಂದ ಮೇಲೆಯೂ, ಟೊಮೆಟೊ ತುಂಬುವ ಮಂಕರಿಗಳ ಸ್ಥಾನವನ್ನು ಪ್ಲಾಸ್ಟಿಕ್ ಕ್ರೇಟುಗಳು ಹಿಡಿದ ಮೇಲೆಯೂ ಈ ವಿದ್ಯೆಯ ಘನತೆ ಕಡಿಮೆಯಾಗಿಲ್ಲ. ಆ ವಿದ್ಯೆಯುಳ್ಳವರ ಕೂಲಿ ಮಾತ್ರ ಕಡಿಮೆಯಾಗಿದೆ.

ಹೊನ್ನಿನ ಪರೀಕ್ಷೆ

ಕೇತಯ್ಯನವರ ನಿಷ್ಠೆಯ ಮಾತು ಕಲ್ಯಾಣದಲ್ಲಿ ಹರಡಿದಾಗ ಪರಶಿವನು ಅದನ್ನು ಒರೆಗೆ ಹಚ್ಚಬಯಸಿದನೆಂದು ಪುರಾಣಕಥನ ಹೇಳುತ್ತದೆ. ಒಂದು ದಿನ ಅವರು ಎಂದಿನಂತೆ ಕಾಡಿಗೆ ಹೋಗಿ ಬಲಿತ ಗಳವೊಂದನ್ನು ಆರಿಸಿ ಕಡಿದರು. ಗಿಣ್ಣಿನಿಂದ ಗಿಣ್ಣಿನವರೆಗೆ ಬರಿದಾಗಿರಬೇಕಾದ ಆ ಗಳದ ಒಡಲಿನಿಂದ ಹೊನ್ನು ಸುರಿಯಿತು. ಕೇತಯ್ಯನವರು ಅದನ್ನು ನೋಡಿದರು. ಬಿದಿರಿಗೆ ಹುಳು ಬಿದ್ದಿದೆ, ಇದು ಕಾಯಕಕ್ಕೆ ಬಾರದು ಎಂದು ಬಗೆದು ಆ ಗಳವನ್ನು ಅಲ್ಲಿಯೇ ಬಿಟ್ಟು ಬೇರೊಂದು ಗಳವನ್ನು ಅರಸಿ ಹೋದರು.

ಈ ಪ್ರಸಂಗವನ್ನು ಕೇಳಿದವರಲ್ಲಿ ಕೆಲವರು ಕೇತಯ್ಯನವರನ್ನು ಮುಗ್ಧರೆಂದು ಎಣಿಸುವುದುಂಟು. ಹೊನ್ನಿಗೂ ಹುಳುವಿಗೂ ಇರುವ ಭೇದ ತಿಳಿಯದಷ್ಟು ಮುಗ್ಧರು ಅವರಾಗಿರಲಿಲ್ಲ. ದಿನವೂ ಪೇಟೆಯಲ್ಲಿ ಬುಟ್ಟಿ ಮಾರಿ ಹಣ ಎಣಿಸುತ್ತಿದ್ದ ಗೃಹಸ್ಥರು ಅವರು. ಬಿದಿರಿಗೆ ಹುಳು ಬಿದ್ದರೆ ಏನಾಗುತ್ತದೆಂಬುದು ಮೇದಾರನಿಗೆ ತಿಳಿದ ವಿಷಯ. ಗಳದ ಒಳಗಿನ ಹಿಟ್ಟಿನಂಶವನ್ನು ತಿನ್ನುತ್ತಾ ಹುಳು ಅದನ್ನು ಪುಡಿಗಟ್ಟುತ್ತದೆ. ಹೊರಗೆ ಸಿಪ್ಪೆ ನುಣುಪಾಗಿಯೇ ಇರುತ್ತದೆ. ಹೊರೆ ಬಿದ್ದ ದಿನ ಗಳ ಕುಸಿಯುತ್ತದೆ. ದುಡಿಯದೆ ಬಂದ ಹೊನ್ನು ಮನುಷ್ಯನ ಒಳಗೆ ಮಾಡುವ ಕೆಲಸವೂ ಅದೇ ಅಲ್ಲವೆ? ಕೇತಯ್ಯನವರು ವಸ್ತುವನ್ನು ತಪ್ಪಾಗಿ ಗುರುತಿಸಲಿಲ್ಲ, ಅದರ ಗುಣವನ್ನು ಸರಿಯಾಗಿ ಗುರುತಿಸಿದರು.

ಇನ್ನೊಂದು ದೃಷ್ಟಿಯಿಂದಲೂ ಇದನ್ನು ನೋಡಬಹುದು. ಬುಟ್ಟಿ ಮಾರಿ ಬಂದ ಹಣ ಸಂಜೆಗೆ ಇಳಿಯುವ ಹೊರೆ. ಜಂಗಮರು ಉಂಡೆದ್ದರೆ ಅದು ಮುಗಿಯಿತು; ರಾತ್ರಿ ಮನಸ್ಸು ನೆಟ್ಟಗಾಗುತ್ತದೆ; ಬೆಳಗ್ಗೆ ಕಾಯಕಕ್ಕೆ ಹೊಸ ಹೆಗಲು ಸಿದ್ಧವಾಗಿರುತ್ತದೆ. ಕಾಡಿನಲ್ಲಿ ಸಿಕ್ಕ ಹೊನ್ನು ಅಂತಹುದಲ್ಲ. ಅದನ್ನು ಎಲ್ಲಿಡಬೇಕು, ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು, ಎಷ್ಟು ದಿನಕ್ಕೆ ಬಂದೀತು ಎಂಬ ಚಿಂತೆ ಹಗಲೂ ಇರುಳೂ ಇಳಿಯದು. ಅಳತೆಯಿಲ್ಲದ ಕಾಲ ಹೊರಬೇಕಾದ ಭಾರ ಹಗುರವಾಗಿದ್ದರೂ ಬಾಗನ್ನು ಉಳಿಸಿಯೇ ಹೋಗುತ್ತದೆ. ಕೇತಯ್ಯನವರು ಆ ಹೊರೆಗೆ ಹೆಗಲು ಕೊಡಲಿಲ್ಲ.

ಗಣಿಯ ಪಾಠ

ಕೋಲಾರದ ಗಣಿಗಳಲ್ಲಿ ಹೊನ್ನಿಗಾಗಿ ನೆಲ ಹೊತ್ತ ಭಾರವನ್ನು ನೆನೆದರೆ ಈ ತತ್ತ್ವ ಇನ್ನೂ ಸ್ಪಷ್ಟವಾಗುತ್ತದೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೊಮೀಟರಿಗಿಂತ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಕೆಳಗೆ ಬಂಡೆಯ ಶಾಖ ೬೦ ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತಿತ್ತು. ತಂಪು ಮಾಡಿದ ಗಾಳಿಯನ್ನು ಯಂತ್ರಗಳಿಂದ ಕೆಳಕ್ಕೆ ಕಳುಹಿಸದೆ ಮನುಷ್ಯರು ಅಲ್ಲಿ ದುಡಿಯುವಂತಿರಲಿಲ್ಲ. ಮೇಲಿನ ನೆಲದ ಭಾರವೆಲ್ಲ ಗಣಿಯ ಸುತ್ತಲಿನ ಬಂಡೆಯ ಮೇಲೆ ಒರಗಿತ್ತು. ಬಂಡೆ ಬಿದಿರಿನಂತೆ ಬಾಗಿ ತಿಳಿಸುವುದಿಲ್ಲ. ಭಾರವನ್ನು ಒಳಗೇ ಕೂಡಿಟ್ಟುಕೊಂಡು, ತಡೆಯಲಾರದ ಕ್ಷಣದಲ್ಲಿ ಸಿಡಿಯುತ್ತದೆ. ಆ ಸಿಡಿತಗಳಿಗೆ ಕೋಲಾರದ ಗಣಿಗಳು ಲೋಕಪ್ರಸಿದ್ಧವಾಗಿದ್ದವು. ಮೊದಲು ಮರದ ಊರೆಗಳನ್ನು ಕೊಟ್ಟರು. ಅನಂತರ ಕಗ್ಗಲ್ಲಿನ ಗೋಡೆಗಳನ್ನು ಕಟ್ಟಿದರು. ಬಂಡೆಯ ನಡವಳಿಕೆಯನ್ನು ಅಭ್ಯಾಸ ಮಾಡಲು ೧೯೮೮ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಅಲ್ಲಿಯೇ ಸ್ಥಾಪಿತವಾಯಿತು.

ಬಂಡೆಗಿಂತ ಹೆಚ್ಚಾಗಿ ನೆನೆಯಬೇಕಾದವರು ಆ ಬಂಡೆಯ ಕೆಳಗೆ ದುಡಿದವರು. ಕಲ್ಲಿನ ಸಣ್ಣ ಧೂಳು ಶ್ವಾಸಕೋಶದಲ್ಲಿ ಸೇರಿ ಬರುವ ಸಿಲಿಕೋಸಿಸ್ ಎಂಬ ರೋಗ ಭಾರತದಲ್ಲಿ ಮೊದಲು ವರದಿಯಾದುದು ಈ ಗಣಿಗಳಿಂದಲೇ, ೧೯೩೪ರಲ್ಲಿ. ಧೂಳು ಗಾಯ ಮಾಡಿದ ಶ್ವಾಸಕೋಶ ಕೆಲಸ ಬಿಟ್ಟ ಮೇಲೂ ಮೊದಲಿನಂತಾಗುವುದಿಲ್ಲ. ಅದು ಇಳಿಸಲಾಗದ ಹೊರೆ. ಗಣಿಯ ದುಡಿಮೆಗಾರರು ಮಾಡಿದುದು ನಿಜವಾದ ಕಾಯಕ. ಅವರ ಬೆವರಿಗೆ ಕೇತಯ್ಯನವರ ಬೆವರಿನಷ್ಟೇ ಗೌರವ ಸಲ್ಲಬೇಕು. ಹುಳುವಿದ್ದುದು ಅವರ ಕೈಯಲ್ಲಲ್ಲ. ಹೊನ್ನಿನ ಲಾಭ ಒಂದು ಕಡೆಗೆ ಹರಿದು, ಹೊರೆ ಮಾತ್ರ ಇನ್ನೊಂದು ಕಡೆ ನಿಲ್ಲುವಂತೆ ಮಾಡಿದ ಲೋಭದಲ್ಲಿ ಅದು ಇತ್ತು. ದಾಸೋಹವೆಂದರೆ ಲಾಭವನ್ನೂ ಹೊರೆಯನ್ನೂ ಸಮನಾಗಿ ಹಂಚಿಕೊಳ್ಳುವ ವ್ರತ. ಅದಿಲ್ಲದ ಕಡೆ ಎಷ್ಟು ಟನ್ ಹೊನ್ನು ಬಂದರೂ ಊರು ಬಡವಾಗಿಯೇ ಉಳಿಯುತ್ತದೆ.

ಕೊನೆಯ ದಿನ

ಕೇತಯ್ಯನವರ ಜೀವನದ ಕೊನೆಯ ಪ್ರಸಂಗವನ್ನು ಭಕ್ತರು ಕಣ್ಣೀರು ತುಂಬಿ ಕೇಳುತ್ತಾರೆ. ಮೆಳೆಯಲ್ಲಿ ಬಿದಿರು ಕಡಿಯುವುದು ಅಪಾಯದ ಕೆಲಸ. ಒಂದಕ್ಕೊಂದು ಹೆಣೆದುಕೊಂಡು ಬಾಗಿ ನಿಂತ ಗಳಗಳಲ್ಲಿ ವರ್ಷಗಳ ಬಿಗಿತ ಅಡಗಿರುತ್ತದೆ. ಒಂದನ್ನು ಕಡಿದಾಗ ಮತ್ತೊಂದು ಬಿಡುಗಡೆಗೊಂಡು ಬಿಲ್ಲಿನಂತೆ ಚಿಮ್ಮುತ್ತದೆ. ಒಂದು ದಿನ ಹಾಗೆಯೇ ಮೊನಚಾದ ಬಿದಿರೊಂದು ಕೇತಯ್ಯನವರ ಎದೆಗೆ ನಾಟಿತು. ಅದನ್ನು ಕಿತ್ತೊಡನೆ ಪ್ರಾಣ ಹೋಗುವುದೆಂಬುದನ್ನು ಅವರು ಅರಿತರು. ಅಂದಿನ ಜಂಗಮ ದಾಸೋಹ ಇನ್ನೂ ಆಗಿರಲಿಲ್ಲ. ವ್ರತಕ್ಕೆ ಭಂಗ ಬರಬಾರದೆಂದು ಅವರು ನೋವನ್ನು ನುಂಗಿ, ಬಿದಿರನ್ನು ಎದೆಯಲ್ಲಿ ಹಾಗೆಯೇ ಉಳಿಸಿಕೊಂಡರು. ಸಾತವ್ವೆಯವರು ಸಿದ್ಧವಿದ್ದುದನ್ನು ಮಾರಿ, ಬಂದುದರಿಂದ ಅಡಿಗೆ ಮಾಡಿ, ಜಂಗಮರಿಗೆ ನೀಡಿ ತೃಪ್ತಿಪಡಿಸಿದರು. ದಾಸೋಹ ಮುಗಿಯಿತೆಂದು ತಿಳಿದ ಮೇಲೆ ಬಿದಿರು ಹೊರಬಂದಿತು, ಕೇತಯ್ಯನವರು ಲಿಂಗೈಕ್ಯರಾದರು.

ಈ ಪ್ರಸಂಗದಲ್ಲಿ ಸಾತವ್ವೆಯವರ ಪಾತ್ರವನ್ನು ಮರೆಯಬಾರದು. ಪತಿಯ ಎದೆಯಲ್ಲಿ ಬಿದಿರು ನಾಟಿರುವಾಗ ಪೇಟೆಗೆ ಹೋಗಿ ಬುಟ್ಟಿಗೆ ಬೆಲೆ ಹೇಳಬೇಕಾದ ಹೆಂಗಸಿನ ಮನಸ್ಸಿನ ಮೇಲೆ ಬಿದ್ದ ಭಾರ ಎಷ್ಟೆಂದು ಯಾರು ತೂಗಿಯಾರು? ಅಳುವುದಕ್ಕೂ ಕಾಲವಿಲ್ಲದ ಆ ಹೊತ್ತಿನಲ್ಲಿ ಅವರು ಒಲೆ ಹೊತ್ತಿಸಿದರು. ದಂಪತಿಗಳ ಭಕ್ತಿ ಒಂದೇ ಎಳೆಯಾಗಿದ್ದುದರಿಂದ ಮಾತ್ರ ಅದು ಸಾಧ್ಯವಾಯಿತು. ಬುಟ್ಟಿಯಲ್ಲಿ ನಿಲುಗಡ್ಡಿಯೂ ಸುತ್ತುಗಡ್ಡಿಯೂ ಒಂದನ್ನೊಂದು ಹಿಡಿದಿರುವಂತೆ ಅವರು ಒಬ್ಬರನ್ನೊಬ್ಬರು ಹಿಡಿದಿದ್ದರು.

ಮುಂದಿನದು ಶರಣಸಂಕುಲದ ಮಹಿಮೆಯನ್ನು ತೋರುವ ಕಥೆ. ಕೇತಯ್ಯನವರು ಲಿಂಗೈಕ್ಯರಾದ ಸುದ್ದಿ ತಿಳಿದೊಡನೆ ಬಸವಣ್ಣನವರು ತಮ್ಮ ಪ್ರಾಣವನ್ನು ತೊರೆದರೆಂದು ಪುರಾಣಗಳು ಹೇಳುತ್ತವೆ. ಶರಣರೇ ತಮ್ಮ ಪ್ರಾಣವೆಂದು ನಂಬಿದ್ದ ಅವರಿಗೆ ಶರಣನು ಹೋದ ಮೇಲೆ ತಾವು ಉಳಿಯುವುದು ಮಾತಿಗೆ ತಪ್ಪಿದಂತೆ ಆಗುತ್ತಿತ್ತು. ಬಿಜ್ಜಳನ ಭಂಡಾರವನ್ನು ನಡೆಸುತ್ತಿದ್ದ ದಂಡನಾಯಕರು ಬುಟ್ಟಿ ಹೆಣೆಯುವ ಮೇದಾರನೊಬ್ಬನ ಹಿಂದೆ ಹೊರಟರು. ಕಲ್ಯಾಣವೆಲ್ಲ ತಲ್ಲಣಿಸಿತು. ಆಗ ಮಡಿವಾಳ ಮಾಚಯ್ಯನವರು ಬಂದು ತಮ್ಮ ತಪೋಬಲದಿಂದ ಇಬ್ಬರನ್ನೂ ಮರಳಿ ಕರೆದರು. ಕೇತಯ್ಯನವರೂ ಬಸವಣ್ಣನವರೂ ಎಚ್ಚೆತ್ತರು. ಭಂಡಾರಿ, ಮೇದಾರ, ಮಡಿವಾಳ ಎಂಬ ಮೂರು ಕಾಯಕಗಳ ನಡುವೆ ಆ ದಿನ ಮೇಲುಕೀಳು ಉಳಿಯಲಿಲ್ಲ. ಮೇದಾರನ ಪ್ರಾಣಕ್ಕೆ ಭಂಡಾರಿಯ ಪ್ರಾಣ ಸಮತೂಕವಾಯಿತು. ಎರಡನ್ನೂ ಎತ್ತಿ ನಿಲ್ಲಿಸಿದುದು ಬಟ್ಟೆ ಒಗೆಯುವ ಕೈ.

ಈ ಪವಾಡವನ್ನು ಶ್ರದ್ಧೆಯಿಂದ ಕೇಳುವವರು ಹಾಗೆಯೇ ಕೇಳಲಿ. ಸಂಕೇತವೆಂದು ತಿಳಿಯುವವರು ಹಾಗೆ ತಿಳಿಯಲಿ. ಎರಡು ಬಗೆಯಲ್ಲಿಯೂ ತಾತ್ಪರ್ಯ ಒಂದೇ. ಮಿತಿಮೀರಿ ಬಾಗಿದ ಒಂಟಿ ಗಳ ತಾನಾಗಿ ಏಳಲಾರದು. ಸುತ್ತ ಮೆಳೆಯಿದ್ದರೆ ಅದನ್ನು ಎತ್ತಿಹಿಡಿಯುತ್ತದೆ. ಶರಣಸಂಗವೆಂಬುದು ಅಂತಹ ಮೆಳೆ.

ಗೃಹಸ್ಥರಿಗೆ ಉಪದೇಶ

ಗವರೇಶ್ವರ ಅಂಕಿತದಲ್ಲಿ ಇಂದು ದೊರೆತಿರುವ ಕೇತಯ್ಯನವರ ವಚನಗಳು ಸಂಖ್ಯೆಯಲ್ಲಿ ಅಲ್ಪ. ಅವರು ನುಡಿದುದಕ್ಕಿಂತ ನಡೆದುದು ಹೆಚ್ಚು. ಚಿತ್ರದುರ್ಗದ ಬಳಿ ಅವರ ಹೆಸರಿನ ಗುರುಪೀಠವಿದೆ. ನಾಡಿನ ಮೇದಾರ ಸಮಾಜದವರು ಅವರ ಜಯಂತಿಯನ್ನು ಆಚರಿಸುತ್ತಾರೆ. ಆದರೆ ಅವರು ಒಂದು ಸಮಾಜದವರಿಗೆ ಮಾತ್ರ ಸೇರಿದವರಲ್ಲ. ಮನೆಯಲ್ಲಿ ಮೊರವನ್ನು ಮುಟ್ಟುವ ಪ್ರತಿಯೊಬ್ಬ ಭಕ್ತೆಯೂ ಅವರ ಕಾಯಕದ ಫಲವನ್ನು ಮುಟ್ಟುತ್ತಾಳೆ.

ಸಂಸಾರಿಗಳಿಗೆ ಹೊರೆ ತಪ್ಪಿದ್ದಲ್ಲ. ಮಕ್ಕಳ ವಿದ್ಯೆ, ಹೆಣ್ಣುಮಕ್ಕಳ ಮದುವೆ, ತಂದೆತಾಯಿಗಳ ಆರೈಕೆ, ಸಾಲಸೋಲ ಇವೆಲ್ಲ ಹೆಗಲ ಮೇಲಿರುವವೇ. ಇವನ್ನು ಎಸೆದು ಕಾಡಿಗೆ ಹೋಗೆಂದು ಶರಣರು ಹೇಳಲಿಲ್ಲ. ಕೇತಯ್ಯನವರು ಕಾಡಿಗೆ ಹೋದುದು ಬಿದಿರಿಗಾಗಿ. ಸಂಜೆಗೆ ಮನೆಗೆ ಹಿಂದಿರುಗಿದರು. ಅವರು ಕಲಿಸಿದುದು ಹೊರೆಯನ್ನು ದಿನಕ್ಕೊಮ್ಮೆ ಇಳಿಸುವ ವಿದ್ಯೆ. ಸಂಜೆಯ ಲಿಂಗಪೂಜೆಯ ಹೊತ್ತು ಅದಕ್ಕೆಂದೇ ಇರುವುದು. ಗಳಿಸಿದುದರಲ್ಲಿ ಒಂದು ಪಾಲನ್ನು ಹಸಿದವರಿಗೆ ನೀಡುವುದು ಅದಕ್ಕೆಂದೇ ಇರುವುದು. ಇಷ್ಟು ಮಾಡಿದ ಮನಸ್ಸು ರಾತ್ರಿಯಲ್ಲಿ ತನ್ನ ಸಹಜ ರೂಪಕ್ಕೆ ಮರಳುತ್ತದೆ. ಮಾಡದ ಮನಸ್ಸು ಮೆಲ್ಲಮೆಲ್ಲನೆ ಬಾಗುತ್ತದೆ; ಬಾಗಿದುದು ಅದಕ್ಕೇ ತಿಳಿಯುವುದಿಲ್ಲ.

ಕಷ್ಟದ ಕಾವು ಬಂದಾಗ ಎಚ್ಚರ ಇನ್ನೂ ಹೆಚ್ಚಿರಬೇಕು. ಮನೆಯಲ್ಲಿ ಸಾವಾದಾಗ, ಕೆಲಸ ಹೋದಾಗ, ಬೆಳೆ ಕೆಟ್ಟಾಗ ಮನುಷ್ಯನ ಒಳಗಿನ ಗಟ್ಟಿಯಾದುದೆಲ್ಲ ಮೆದುವಾಗುತ್ತದೆ. ಆ ಹೊತ್ತಿನಲ್ಲಿ ಯಾರ ಕೈ ಅವನನ್ನು ಹಿಡಿದಿರುತ್ತದೆಯೋ ಅದರ ರೂಪವೇ ಆರಿದ ಮೇಲೆ ನಿಲ್ಲುತ್ತದೆ. ಹೆಂಡದಂಗಡಿಯ ಕೈ ಹಿಡಿದರೆ ಅಂಥ ಬಾಗು, ಗುರುಲಿಂಗಜಂಗಮರ ಕೈ ಹಿಡಿದರೆ ಇಂಥ ಬಾಗು. ೨೦೦೧ರಲ್ಲಿ ಗಣಿ ಮುಚ್ಚಿದ ಮೇಲೆ ಕೋಲಾರದ ಚಿನ್ನದ ಗಣಿಯ ಊರಿನಿಂದ ಸಾವಿರಾರು ಜನರು ಬೆಳಗಿನ ರೈಲು ಹಿಡಿದು, ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೋಗಿ ದುಡಿದು, ರಾತ್ರಿ ಮನೆಗೆ ಮರಳುವ ಬಾಳನ್ನು ಕಟ್ಟಿಕೊಂಡರು. ಅವರಲ್ಲಿ ಒಬ್ಬನಿಗೆ ನೆರೆಮನೆಯವರು ಒಂದು ಹೊತ್ತು ಆಸರೆಯಾದರೆ ಅದೂ ದಾಸೋಹವೇ. ಸೊಟ್ಟಗಾದುದು ಮತ್ತೆ ನೆಟ್ಟಗಾಗದೆಂದು ಯಾರನ್ನೂ ಕೈಬಿಡಬಾರದು. ಬಿದಿರು ಸಹ ಎರಡನೆಯ ಕಾವಿನಲ್ಲಿ ತನ್ನ ಹಳೆಯ ನೇರವನ್ನು ನೆನೆಯುತ್ತದೆ.

ಮೇದಾರ ಕೇತಯ್ಯನವರು ಹೊನ್ನು ತುಂಬಿದ ಗಳವನ್ನು ಕಾಡಿನಲ್ಲಿಯೇ ಬಿಟ್ಟರು. ಬರಿದಾದ ಗಳವನ್ನು ಮನೆಗೆ ತಂದರು. ಬರಿದಾದುದರಿಂದಲೇ ಅದು ಬುಟ್ಟಿಯಾಯಿತು, ಬುಟ್ಟಿಯಿಂದ ಅನ್ನವಾಯಿತು, ಅನ್ನದಿಂದ ಪ್ರಸಾದವಾಯಿತು. ಅವರ ಹೆಸರನ್ನು ನೆನೆಯುವ ಭಕ್ತರು ಈ ಸಂಜೆ ತಮ್ಮ ಹೊರೆಯನ್ನು ಲಿಂಗದ ಮುಂದೆ ಇಳಿಸಿ, ನಾಳೆ ಮುಂಜಾನೆ ನೆಟ್ಟನೆಯ ಬೆನ್ನಿನಿಂದ ಕಾಯಕಕ್ಕೆ ಏಳಲಿ.